ಊರಲ್ಲಿ ಖರ್ಚು ಕಮ್ಮಿ ಅನ್ನುವ ಲೆಕ್ಕದಲ್ಲಿ ಬಿಟ್ಟುಹೋಗುವ ಸಾಲುಗಳು

ಕುಂದಾಪುರದ ಸಂತೆಯಲ್ಲಿ ಅರ್ಧ ಕಿಲೋ ಬೀನ್ಸ್ ತೂಗಿಸಿಕೊಂಡ ಮೇಲೆ ನಾನು ರೇಟು ಎರಡನೇ ಸಲ ಕೇಳಿದೆ. ಹಿಂದಿನ ವಾರ ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಕೊಂಡದ್ದಕ್ಕಿಂತ ಕಿಲೋಗೆ ಹದಿನೈದು ರೂಪಾಯಿ ಜಾಸ್ತಿಯಿತ್ತು. "ಘಟ್ಟದ ಮೇಲಿಂದ ಬರ್ಕಲ್ದಾ, ಲಾರಿ ಬಾಡಿಗಿ ಯಾರ್ ಕೊಡ್ತ್ರ್?" ಅಂದರು ಮಾರುತ್ತಿದ್ದವರು. ಅವರು ಹೇಳಿದ್ದು ಸರಿ. ಕ್ಯಾರೆಟ್, ಬೀನ್ಸ್, ಕೋಸು, ಆಲೂಗಡ್ಡೆ ಯಾವುದೂ ಕರಾವಳಿಯ ಮಣ್ಣಿನ ಬೆಳೆಯಲ್ಲ. ಹಾಸನ, ಚಿಕ್ಕಮಗಳೂರು, ಬೆಳಗಾವಿ ಕಡೆಯಿಂದ ಘಾಟಿ ಇಳಿದೇ ಬರಬೇಕು. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆದರೆ ಸುತ್ತುದಾರಿಯ ಡೀಸೆಲ್ಲೂ ಆ ಬೀನ್ಸಿನ ಮೇಲೇ ಬೀಳುತ್ತದೆ.

ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿದ್ದು, ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿದ ಮೇಲೆ 2022ರಲ್ಲಿ ಕುಂದಾಪುರಕ್ಕೆ ಬಂದವರು ನಾವು. ಮೊದಲ ಒಂದು ವರ್ಷ ಪೇಟೆಯಲ್ಲಿ ಬಾಡಿಗೆ ಮನೆ, ಆಮೇಲೆ ಅಲ್ಲೇ ಹತ್ತಿರದ ಹೆಮ್ಮಾಡಿಯಲ್ಲಿ ಅತ್ತೆಯ ಮನೆ. ಹೊರಡುವಾಗ ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಊರಲ್ಲಿ ಖರ್ಚು ಅರ್ಧಕ್ಕರ್ಧ ಕಮ್ಮಿ. ನಾನು ಖರ್ಚು ಬರೆದಿಡುವವಳು. ಬೆಂಗಳೂರಿನ ಕೊನೆಯ ವರ್ಷದ ಪುಸ್ತಕವೂ ಇದೆ, ಇಲ್ಲಿನದ್ದೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಕಂಡದ್ದು ನಾವು ನಂಬಿ ಬಂದದ್ದಕ್ಕಿಂತ ಬೇರೆ. ಊರಲ್ಲಿ ಸಾಮಾನು ಅಗ್ಗವಾಗಿಲ್ಲ. ಅಗ್ಗವಾಗಿರುವುದು ದುಡ್ಡು ಕೊಟ್ಟು ಕೊಳ್ಳಬೇಕಾಗಿಲ್ಲದ ಕೆಲವು ಸಂಗತಿಗಳು. ಅವು ಇದ್ದವರಿಗೆ ಊರು ಅಗ್ಗ, ಇಲ್ಲದವರಿಗೆ ಅಲ್ಲ.

ಮೊದಲು ಎರಡೂ ಕಡೆ ಒಂದೇ ಬೆಲೆ ಇರುವವನ್ನು ನೋಡಿ, ಏಕೆಂದರೆ ತಿಂಗಳ ಖರ್ಚಿನಲ್ಲಿ ಇವುಗಳ ಪಾಲು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. 2024ರ ಜುಲೈಯಲ್ಲಿ ಮೊಬೈಲ್ ರೀಚಾರ್ಜ್ ದರ ಏರಿದ್ದು ದೇಶಕ್ಕೆಲ್ಲ ಒಟ್ಟಿಗೆ. ನಂದಿನಿ ಹಾಲಿಗೆ 2025ರ ಏಪ್ರಿಲ್ 1ರಂದು 4 ರೂಪಾಯಿ ಏರಿದಾಗ ಕತ್ರಿಗುಪ್ಪೆಯ ಬೂತಿನಲ್ಲೂ ಹೆಮ್ಮಾಡಿಯ ಅಂಗಡಿಯಲ್ಲೂ ಏರಿದ್ದು ಒಂದೇ ಬೆಳಿಗ್ಗೆ. ಅತ್ತೆಯ ಬಿಪಿ ಮಾತ್ರೆಯ ಪಟ್ಟಿಯ ಮೇಲೆ ಅಚ್ಚಾದ ಬೆಲೆಗೆ ಊರು, ಪೇಟೆ ಅಂತ ಭೇದವಿಲ್ಲ. ಗ್ಯಾಸ್ ಸಿಲಿಂಡರ್, ಪೆಟ್ರೋಲ್, ಬೈಕಿನ ಕಂತು, ಮಗುವಿನ ಶೂ, ವಿಮೆಯ ಕಂತು ಎಲ್ಲವೂ ಹೀಗೆ ಸರಿಸುಮಾರು ಒಂದೇ. ವಿದ್ಯುತ್ ಬಿಲ್ಲು ಇಲ್ಲಿ ಮೆಸ್ಕಾಂ ಹೆಸರಲ್ಲಿ ಬರುತ್ತದೆ, ಅಲ್ಲಿ ಬೆಸ್ಕಾಂ ಹೆಸರಲ್ಲಿ. ಮನೆ ಬಳಕೆಯ ಯೂನಿಟ್ ದರ ಮಾತ್ರ ರಾಜ್ಯಕ್ಕೆಲ್ಲ ಒಂದೇ.

ಕೆಲವು ಕಡೆ ಊರೇ ದುಬಾರಿ. ಬೆಂಗಳೂರಿನ ಆಟೋ ಮೀಟರ್ ದರ 2025ರ ಆಗಸ್ಟ್ 1ರಂದು ಏರಿ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಮುಂದೆ ಕಿಲೋಮೀಟರಿಗೆ 18 ರೂಪಾಯಿ ಆಯಿತು. ನೆರೆಯ ದಕ್ಷಿಣ ಕನ್ನಡದಲ್ಲಿ 2022ರ ಕೊನೆಯಿಂದಲೇ ಮೊದಲ ಒಂದೂವರೆ ಕಿಲೋಮೀಟರಿಗೆ 35, ಮುಂದೆ ಕಿಲೋಮೀಟರಿಗೆ 20. ಬೆಂಗಳೂರಿನಲ್ಲಿ ಮೀಟರ್ ಹಾಕುವವರು ಎಷ್ಟು ಮಂದಿ ಅನ್ನುವುದು ಬೇರೆ ಮಾತು. ಆದರೆ ಇಲ್ಲಿ ರಿಕ್ಷಾ ಒಳದಾರಿಗೆ ಹೋದರೆ ವಾಪಸು ಬರುವಾಗ ಜನ ಸಿಗುವುದಿಲ್ಲ, ಖಾಲಿ ಬರುವ ಬಾಡಿಗೆಯನ್ನೂ ಹೋಗುವವರೇ ಕೊಡಬೇಕು. ಗಾರೆ ಕೆಲಸ, ಪೈಂಟಿಂಗ್, ಪ್ಲಂಬಿಂಗ್ ಯಾವುದಕ್ಕೂ ಇಲ್ಲಿ ಕೂಲಿ ಕಡಿಮೆಯಿಲ್ಲ. ಊರಿನ ಹುಡುಗರು ಬೆಂಗಳೂರು, ಮುಂಬೈ, ಗಲ್ಫ್ ಸೇರಿಯಾಗಿದೆ. ಕೆಲಸಕ್ಕೆ ಬರುವವರು ಉತ್ತರ ಕರ್ನಾಟಕದವರು ಅಥವಾ ಒಡಿಶಾ, ಬಿಹಾರದವರು, ಮತ್ತು ಅವರು ದುಡಿಮೆಗೆ ತಕ್ಕ ಕೂಲಿ ಕೇಳುತ್ತಾರೆ. ಕೇಳಬೇಕಾದ್ದೇ. ತೆಂಗಿನಕಾಯಿ ಕೊಯ್ಯುವವರು ಮರಕ್ಕೆ ಇಷ್ಟು ಅಂತ ದರ ಹೇಳುತ್ತಾರೆ, ಅದಕ್ಕೂ ಎರಡು ವಾರ ಮೊದಲೇ ಫೋನ್ ಮಾಡಿರಬೇಕು.

ಹಾಗಾದರೆ ಊರಲ್ಲಿ ಉಳಿಯುವುದು ಎಲ್ಲಿ? ಒಂದೇ ಮಾತಲ್ಲಿ, ಮನೆ ಬಾಡಿಗೆಯಲ್ಲಿ.

ಕತ್ರಿಗುಪ್ಪೆಯಲ್ಲಿ ಎರಡು ಕೋಣೆಯ ಮನೆಗೆ ನಾವು ಕೊನೆಗೆ ಕೊಡುತ್ತಿದ್ದದ್ದು 24 ಸಾವಿರ. ಕುಂದಾಪುರ ಪೇಟೆಯಲ್ಲಿ ಅದಕ್ಕಿಂತ ಸ್ವಲ್ಪ ದೊಡ್ಡ ಮನೆಗೆ ಒಂಬತ್ತೂವರೆ ಸಾವಿರ. ಬರೀ ಇದರಲ್ಲೇ ತಿಂಗಳಿಗೆ ಹದಿನಾಲ್ಕೂವರೆ ಸಾವಿರ ಉಳಿಯಿತು. ಬೆಂಗಳೂರಿನಲ್ಲಿ ಇದರ ಮೇಲೆ ಕಣ್ಣಿಗೆ ಕಾಣದ ಬಾಡಿಗೆ ಇನ್ನೊಂದಿದೆ: ಅಡ್ವಾನ್ಸ್. ಹತ್ತು ತಿಂಗಳ ಅಡ್ವಾನ್ಸ್ ಅಲ್ಲಿನ ಹಳೆಯ ರೂಢಿ. ನಾವು ಎರಡು ಲಕ್ಷ ಕೊಟ್ಟಿದ್ದೆವು. ಅದೇ ದುಡ್ಡು ಬ್ಯಾಂಕಿನಲ್ಲಿ ಶೇ. 7ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 14 ಸಾವಿರ ಬಡ್ಡಿ ಬರುತ್ತಿತ್ತು, ಅಂದರೆ ತಿಂಗಳಿಗೆ ಸುಮಾರು 1,170 ರೂಪಾಯಿ. ಮನೆ ಬಿಡುವಾಗ ಪೈಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡದ್ದು ಬೇರೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅನ್ನುತ್ತದೆ. ಅದು ಮಾದರಿ ಮಾತ್ರ. ಮನೆ ಹುಡುಕಿಕೊಂಡು ಬೀದಿ ಅಲೆಯುವವರ ಕೈಗೆ ಆ ಕಾಯ್ದೆ ಇನ್ನೂ ಬಂದಿಲ್ಲ.

ಸರ್ಕಾರಕ್ಕೂ ಈ ವ್ಯತ್ಯಾಸ ಗೊತ್ತು. ಅದು ಗೊತ್ತಿರುವ ರೀತಿ ಮಾತ್ರ ವಿಚಿತ್ರ. ರಾಜ್ಯದ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಲ್ಲಿ ಜಾರಿಯಾದಾಗ ಮನೆ ಬಾಡಿಗೆ ಭತ್ಯೆಯನ್ನು ಊರಿನ ಜನಸಂಖ್ಯೆ ನೋಡಿ ಮೂಲ ವೇತನದ ಶೇ. 20, ಶೇ. 15 ಮತ್ತು ಶೇ. 7.5 ಎಂದು ಮೂರು ದರ್ಜೆಗೆ ಇಟ್ಟರು. ಕನಿಷ್ಠ ಮೂಲ ವೇತನ 27 ಸಾವಿರ. ಆ ವೇತನದ ಒಬ್ಬ ನೌಕರನಿಗೆ ಬೆಂಗಳೂರಿನಲ್ಲಿ 5,400 ರೂಪಾಯಿ ಬಾಡಿಗೆ ಭತ್ಯೆ, ಕುಂದಾಪುರದಲ್ಲಿ 2,025. ನಡುವಿನ ಅಂತರ 3,375. ನಿಜವಾದ ಬಾಡಿಗೆಯ ಅಂತರಕ್ಕೆ ಇದು ಕಾಲು ಭಾಗವೂ ಅಲ್ಲ. ಅಂದರೆ ಸರ್ಕಾರಿ ಸಂಬಳದಲ್ಲಿರುವವರಿಗೆ ಊರಿಗೆ ವರ್ಗವಾದರೆ ನಿಜವಾಗಿಯೂ ಲಾಭ. ಸಂಬಳ ಹೆಚ್ಚುಕಡಿಮೆ ಅದೇ, ಬಾಡಿಗೆ ಮಾತ್ರ ಇಳಿಯುತ್ತದೆ. ಪಿಂಚಣಿದಾರರಿಗೂ, ನಮ್ಮಂತೆ ಬೆಂಗಳೂರಿನ ಸಂಬಳ ಕಟ್ಟಿಕೊಂಡು ಬಂದವರಿಗೂ ಇದೇ ಲೆಕ್ಕ. "ಊರಲ್ಲಿ ಖರ್ಚು ಕಮ್ಮಿ" ಅನ್ನುವ ಮಾತು ಹುಟ್ಟಿದ್ದೇ ಈ ಮೂರು ಗುಂಪಿನವರ ಬಾಯಲ್ಲಿ.

ಬೆಲೆ ಏರಿಕೆ ಅಳೆಯುವ ಕೋಲಿನಲ್ಲೂ ಇಂಥದ್ದೇ ಒಂದು ತೂತು ಬಹುಕಾಲ ಇತ್ತು. 2012ನ್ನು ಆಧಾರ ವರ್ಷವಾಗಿ ಇಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ನಗರದ ಕುಟುಂಬಕ್ಕೆ ವಸತಿಯ ತೂಕ ನೂರಕ್ಕೆ 21.67. ಗ್ರಾಮೀಣ ಸೂಚ್ಯಂಕದಲ್ಲಿ ವಸತಿ ಅನ್ನುವ ಸಾಲೇ ಇರಲಿಲ್ಲ. ಹಳ್ಳಿಯವರಿಗೆಲ್ಲ ಸ್ವಂತ ಮನೆ ಇರುತ್ತದೆ, ಬಾಡಿಗೆಗೆ ಯಾರಿರುತ್ತಾರೆ ಅನ್ನುವ ಎಣಿಕೆ. ಕುಂದಾಪುರದ ಪುರಸಭೆ ಗಡಿ ದಾಟಿ ತಲ್ಲೂರು, ಹೆಮ್ಮಾಡಿ ಕಡೆ ಬಂದು ನೋಡಿದರೆ ಈ ಎಣಿಕೆ ನಿಲ್ಲುವುದಿಲ್ಲ. ಹೆದ್ದಾರಿ 66ರ ಆಚೀಚೆ ಬಾಡಿಗೆಯ ಸಾಲು ಕೋಣೆಗಳು ಎದ್ದಿವೆ. ಅದರಲ್ಲಿ ಗಾರೆ ಕೆಲಸದವರಿದ್ದಾರೆ, ಶಾಲೆಯ ಗೌರವ ಶಿಕ್ಷಕರಿದ್ದಾರೆ, ಗೇರುಬೀಜ ಕಾರ್ಖಾನೆಗೆ ಹೋಗುವ ಹೆಂಗಸರಿದ್ದಾರೆ.

ಬಾಡಿಗೆ ಇಲ್ಲ ಅಂದಮಾತ್ರಕ್ಕೆ ಸ್ವಂತ ಮನೆ ಪುಕ್ಕಟೆ ಅಲ್ಲ. ಇಲ್ಲಿ ಮಳೆಗೆ ಬಾಡಿಗೆ ಕಟ್ಟಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಒಂದು ಸಾವಿರ ಮಿಲಿಮೀಟರ್ ಹತ್ತಿರ ಮಳೆಯಾದರೆ ಉಡುಪಿ ಜಿಲ್ಲೆಯಲ್ಲಿ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ನಮ್ಮ ಅತ್ತೆಯ ಮನೆ ಮುರಕಲ್ಲಿನ ಗೋಡೆ, ಹಂಚಿನ ಮಾಡು. ಮೇ ತಿಂಗಳು ಬಂತೆಂದರೆ ಹಂಚು ಕೈಯಾಡಿಸಬೇಕು. ಒಡೆದ ಹಂಚು ಬದಲಿಸುವುದು, ಗೆದ್ದಲು ಹಿಡಿದ ರೀಪು ತೆಗೆಸುವುದು, ಮಾಡಿನ ಮೇಲೆ ಬಿದ್ದು ಕೊಳೆತ ಎಲೆ ಗುಡಿಸುವುದು. ಕಳೆದ ಮೇ ತಿಂಗಳಲ್ಲಿ ಇಬ್ಬರು ಮೂರು ದಿನ ಕೆಲಸ ಮಾಡಿದರು. ಕೂಲಿ, ಹಂಚು, ಮರ ಎಲ್ಲ ಸೇರಿ ಹದಿಮೂರು ಸಾವಿರ ಚಿಲ್ಲರೆ. ಅದನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸಾವಿರದ ನೂರು. ಆಮೇಲೆ ಉಪ್ಪು ಗಾಳಿ. ಬೆಂಗಳೂರಿನಲ್ಲಿ ಎಂಟು ವರ್ಷ ಕೆಡದೆ ಇದ್ದ ನಮ್ಮ ಫ್ರಿಜ್ಜಿನ ಹಿಂಬದಿಯ ತಗಡು ಇಲ್ಲಿ ಎರಡು ಮಳೆಗಾಲಕ್ಕೆ ಬೆರಳಿಟ್ಟರೆ ಉದುರುವಂತಾಯಿತು. ಸ್ಕೂಟರಿನ ಸೈಲೆನ್ಸರ್, ಕಿಟಕಿಯ ಸರಳು, ಗೇಟಿನ ಕೀಲು ಎಲ್ಲಕ್ಕೂ ಇಲ್ಲಿ ಆಯುಷ್ಯ ಕಮ್ಮಿ. ಖರ್ಚಿನ ಪುಸ್ತಕದಲ್ಲಿ ಇದು ತಿಂಗಳು ತಿಂಗಳು ಕಾಣುವುದಿಲ್ಲ, ಒಂದೇ ಸಲ ದೊಡ್ಡ ಮೊತ್ತವಾಗಿ ಬಂದು ಕೂರುತ್ತದೆ.

ಬಾವಿಯ ಮಾತೂ ಹೀಗೇ. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವೆದ್ದು, ಜಿಲ್ಲಾಡಳಿತ ಟ್ಯಾಂಕರಿಗೆ ದರ ಗೊತ್ತುಪಡಿಸಬೇಕಾಯಿತು. ಐದು ಕಿಲೋಮೀಟರ್ ಒಳಗಾದರೆ 6 ಸಾವಿರ ಲೀಟರಿಗೆ 600 ರೂಪಾಯಿ, 12 ಸಾವಿರ ಲೀಟರಿಗೆ ಒಂದು ಸಾವಿರ. ಅದನ್ನು ಇಲ್ಲಿ ಕೂತು ಓದುವಾಗ ನಮ್ಮ ಅಂಗಳದ ಬಾವಿ ಬಂಗಾರವಾಗಿ ಕಂಡಿತು. ಆದರೆ ಏಪ್ರಿಲ್ ಕೊನೆಗೆ ಅತ್ತೆ ಬಾವಿಯ ನೀರು ಬಾಯಿಗೆ ಹಾಕಿ ನೋಡಿ "ಉಪ್ಪ್ ಬಂತ್" ಅಂದರು. ಹೊಳೆಯಲ್ಲಿ ಸಿಹಿನೀರಿನ ಹರಿವು ಕಡಿಮೆಯಾದಾಗ ಭರತದ ಜೊತೆ ಸಮುದ್ರದ ನೀರು ಒಳಗೆ ಬರುತ್ತದೆ, ದಡದ ಬಾವಿಗಳಿಗೆ ಇಳಿಯುತ್ತದೆ. ಅದನ್ನು ತಡೆಯಲೆಂದೇ ಹೊಳೆಗೆ ಅಡ್ಡವಾಗಿ, ಹಲಗೆ ಹಾಕಿ ಮುಚ್ಚುವಂಥ ಕಿಂಡಿ ಅಣೆಕಟ್ಟು ಕಟ್ಟುವುದು. ಹಲಗೆ ಹಾಕುವುದು ತಡವಾದರೆ, ಹಲಗೆ ಹಳತಾಗಿ ಸೋರಿದರೆ, ಆ ವರ್ಷ ಸುತ್ತಲಿನ ಮನೆಗಳಿಗೆ ಒಂದೂವರೆ ತಿಂಗಳು ಕುಡಿಯುವ ನೀರು ಹೊರಗಿನಿಂದಲೇ ಬರಬೇಕು. ವರ್ಷಕ್ಕೆ ನೂರೈವತ್ತು ಇಂಚಿನಷ್ಟು ಮಳೆ ಬೀಳುವ ಊರಿನಲ್ಲಿ ಬೇಸಿಗೆಗೆ ನೀರು ಕೊಳ್ಳುವುದು ನನಗೆ ಈಗಲೂ ಒಪ್ಪಿಕೊಳ್ಳಲು ಕಷ್ಟವಾಗುವ ಸಂಗತಿ.

ಮೀನಿನ ವಿಷಯ ಬಿಡುವಂತಿಲ್ಲ. ಕರಾವಳಿಯ ಅಡುಗೆಮನೆಗೆ ತರಕಾರಿಗಿಂತ ಅದೇ ಮುಖ್ಯ. ಗಂಗೊಳ್ಳಿ ಬಂದರು ನಮಗೆ ಹತ್ತಿರ. ಅಕ್ಟೋಬರಿನಲ್ಲಿ ಬಂಗುಡೆ, ಬೈಗೆ (ಭೂತಾಯಿ ಮೀನು) ರಾಶಿ ಬಿದ್ದ ದಿನ ನೂರು ರೂಪಾಯಿಗೆ ಮನೆಮಂದಿಗೆಲ್ಲ ಎರಡು ಹೊತ್ತಿಗಾಗುವಷ್ಟು ಮೀನು ಬರುತ್ತದೆ. ಬೆಂಗಳೂರಿನಲ್ಲಿ ಅಷ್ಟೇ ದುಡ್ಡಿಗೆ ಐಸಿನಲ್ಲಿ ಮೂರು ದಿನ ಇದ್ದ ನಾಲ್ಕು ಬಂಗುಡೆ. ಆದರೆ ಅಂಜಲ್, ಕಾಣೆ, ದೊಡ್ಡ ಚಟ್ಲಿ (ಸಿಗಡಿ) ಹಾಗಲ್ಲ. ಒಳ್ಳೆ ಮೀನು ಬಂದರಿನಲ್ಲಿ ಏಲಂ ಆಗುವಾಗಲೇ ಕೇರಳ, ಗೋವಾ, ಬೆಂಗಳೂರಿನ ಹೋಟೆಲುಗಳ ರೇಟಿಗೆ ಏರಿರುತ್ತದೆ. ಹಿಡಿದ ಊರಿನವರಿಗೆ ಅಂತ ಬೇರೆ ರೇಟಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ನಾಡದೋಣಿಯವರು ತಂದದ್ದಷ್ಟೇ ತಾಜಾ ಮೀನು. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆಮೇಲೆ ಆಂಧ್ರ, ತಮಿಳುನಾಡಿನ ಐಸ್ ಮೀನು ಲಾರಿಯಲ್ಲಿ ಇಲ್ಲಿಗೇ ಬರುತ್ತದೆ. ಜುಲೈಯ ಒಂದು ಬೆಳಿಗ್ಗೆ ಮನೆ ಬಾಗಿಲಿಗೆ ಬರುವ ಮೀನಿನ ಹೆಂಗಸು ಬುಟ್ಟಿ ಇಳಿಸುವ ಮೊದಲೇ ಹೇಳಿದ್ದು: "ಹ್ವಾಯ್, ಇವತ್ತ್ ದೋಣಿ ಇಳಿಲಿಲ್ಲೆ, ರೇಟ್ ಕೇಂಬುದೇ ಬ್ಯಾಡ." ಬುಟ್ಟಿಯಲ್ಲಿ ಒಂದು ಕಿಲೋ ಬಂಗುಡೆಯೂ ಇರಲಿಲ್ಲ. ಆ ಎರಡು ತಿಂಗಳಿಗೆ ಅಂತಲೇ ಅತ್ತೆ ಮೇ ತಿಂಗಳಲ್ಲಿ ಒಣಮೀನು, ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ತೆಗೆದಿಡುತ್ತಾರೆ. ಊರಿನ ಅಗ್ಗ ಅನ್ನುವುದರ ಒಳಗೆ ಇಂಥ ಕೆಲಸ ಬಹಳ ಇದೆ. ಮಾಡುವವರು ಹೆಂಗಸರು, ಕೂಲಿ ಯಾರೂ ಬರೆದಿಡುವುದಿಲ್ಲ. ಅತ್ತೆಗೆ ಕೈಲಾಗದ ವರ್ಷ ನಾನು ಅದನ್ನೆಲ್ಲ ಅಂಗಡಿಯಿಂದ ತಂದೆ. ಆ ಜೂನ್, ಜುಲೈಯ ದಿನಸಿ ಖರ್ಚು ಕತ್ರಿಗುಪ್ಪೆಯ ಲೆಕ್ಕವನ್ನೂ ಮೀರಿತು.

ತೆಂಗಿನಕಾಯಿಯೂ ಅಷ್ಟೆ. 2025ರಲ್ಲಿ ಕಾಯಿಯ ಬೆಲೆ ಯಾರೂ ಎಣಿಸದಷ್ಟು ಏರಿ, ಎಣ್ಣೆ ಲೀಟರಿಗೆ 400 ರೂಪಾಯಿ ದಾಟಿತು. ಹಿತ್ತಲಿನಲ್ಲಿ ಎಂಟು ಮರ ಇರುವ ನಮಗೆ ಅದರ ಬಿಸಿ ತಟ್ಟಲಿಲ್ಲ, ನಾಲ್ಕು ಕಾಯಿ ಮಾರಿ ಸ್ವಲ್ಪ ದುಡ್ಡೂ ಆಯಿತು. ಪಕ್ಕದ ಬಾಡಿಗೆ ಕೋಣೆಯ ಸಂಸಾರಕ್ಕೆ ಮೀನಿನ ಸಾರಿಗೆ ಕಾಯಿ ಅರ್ಧಕ್ಕೆ ಇಳಿಯಿತು. ಒಂದೇ ಊರು, ಒಂದೇ ಬೇಲಿ.

ಓಡಾಟದ ಖರ್ಚಿನಲ್ಲಿ ಬೆಂಗಳೂರೇ ದುಬಾರಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೆಟ್ರೋದ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60ರಿಂದ 90 ರೂಪಾಯಿಗೆ ಏರಿದ್ದೂ ನಿಜ. ಆದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಮಟ್ಟಿಗೆ ಲೆಕ್ಕ ತಲೆಕೆಳಗಾಗಿದೆ. ಬೆಂಗಳೂರಿನಲ್ಲಿ ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗುವ ಹೆಂಗಸು ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲದೆ ಹೋಗಿ ಬರುತ್ತಾಳೆ. ಉಡುಪಿ, ದಕ್ಷಿಣ ಕನ್ನಡದಲ್ಲಿ ಮೊದಲಿನಿಂದಲೂ ಖಾಸಗಿ ಬಸ್ಸುಗಳದ್ದೇ ರಾಜ್ಯ. ಒಳ ಹಳ್ಳಿಗಳ ಎಷ್ಟೋ ದಾರಿಗಳಲ್ಲಿ ಸರ್ಕಾರಿ ಬಸ್ಸಿನ ಮುಖವನ್ನೇ ನೋಡಿಲ್ಲ. ಅಲ್ಲಿಂದ ಕುಂದಾಪುರದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಬರುವ ಹುಡುಗಿ ದಿನಕ್ಕೆ ಎರಡು ಬಸ್ಸಿನ ಟಿಕೆಟ್ ತೆಗೆಯಬೇಕು. ಹೋಗುವಾಗ ಮೂವತ್ತು, ಬರುವಾಗ ಮೂವತ್ತು ಅಂದರೂ ತಿಂಗಳಿಗೆ ಸಾವಿರದೈನೂರು ಆಯಿತು. ಅವಳ ಸಂಬಳ ಹತ್ತೋ ಹನ್ನೊಂದೋ ಸಾವಿರ. ರಾಜ್ಯದ ಎಲ್ಲ ಹೆಂಗಸರಿಗೂ ಅಂತ ಮಾಡಿದ ಯೋಜನೆ ಯಾವ ದಾರಿಯಲ್ಲಿ ಯಾರ ಬಸ್ಸು ಓಡುತ್ತದೆ ಅನ್ನುವುದರ ಮೇಲೆ ನಿಂತಿರುವುದು ಸರಿಯಲ್ಲ. ಇಲ್ಲಿಗೆ ಸರ್ಕಾರಿ ಬಸ್ಸು ಬರಬೇಕು, ಇಲ್ಲವೇ ಖಾಸಗಿ ಬಸ್ಸಿನಲ್ಲೂ ಆ ರಿಯಾಯಿತಿ ಸಿಗುವಂತಾಗಬೇಕು.

ಗೃಹಜ್ಯೋತಿಯ ಲೆಕ್ಕವೂ ಇಲ್ಲಿ ಸ್ವಲ್ಪ ಬೇರೆ ರೀತಿ ಕೂರುತ್ತದೆ. 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಹೆಚ್ಚೆಂದರೆ 200 ಯೂನಿಟ್ ಉಚಿತ. 200 ದಾಟಿದರೆ ಪೂರ್ತಿ ಬಿಲ್ಲು. ಬೆಂಗಳೂರಿನಲ್ಲಿ ಫ್ಯಾನ್ ಹಾಕಿಕೊಂಡು ಬೇಸಿಗೆ ಕಳೆಯಬಹುದು. ಇಲ್ಲಿ ಏಪ್ರಿಲ್, ಮೇ ತಿಂಗಳ ಸೆಖೆಗೆ ರಾತ್ರಿಯೂ ಬೆವರು ಆರುವುದಿಲ್ಲ, ಜೊತೆಗೆ ಬಾವಿಯ ಪಂಪು, ತೋಟದ ನೀರು. ನಮ್ಮ ಮೀಟರ್ ಹತ್ತು ತಿಂಗಳು ಶೂನ್ಯ ಬಿಲ್ಲು ತಂದು ಆ ಎರಡು ತಿಂಗಳು ಪೂರ್ತಿ ಬಿಲ್ಲು ತರುತ್ತದೆ.

ಇಷ್ಟೆಲ್ಲ ಕೂಡಿ ಕಳೆದು ನೋಡಿದರೆ ನಮ್ಮ ಮನೆಯ ಮಟ್ಟಿಗೆ ಊರಿನ ತಿಂಗಳ ಖರ್ಚು ಬೆಂಗಳೂರಿನ ಖರ್ಚಿನ ಮೂರರಲ್ಲಿ ಎರಡು ಪಾಲು. ಉಳಿದ ಒಂದು ಪಾಲು ಹೆಚ್ಚುಕಡಿಮೆ ಪೂರ್ತಿ ಮನೆ ಬಾಡಿಗೆಯದ್ದೇ. ಬಾಡಿಗೆಯ ಸಾಲು ಮುಚ್ಚಿ ಎರಡೂ ಪುಸ್ತಕ ನೋಡಿದರೆ ಯಾವುದು ಯಾವ ಊರಿನದ್ದು ಅಂತ ಹೇಳುವುದು ನನಗೇ ಕಷ್ಟ. ದೇಶದ ಮಟ್ಟದ ಅಂಕಿ ಬೇರೆ ಕಥೆ ಹೇಳುವಂತೆ ಕಾಣಬಹುದು. 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ತಲಾ ತಿಂಗಳ ಖರ್ಚು ನಗರದಲ್ಲಿ 6,996 ರೂಪಾಯಿ, ಹಳ್ಳಿಯಲ್ಲಿ 4,122. ಇದನ್ನು ಹಿಡಿದುಕೊಂಡು ಹಳ್ಳಿ ಅಗ್ಗ ಅನ್ನುವವರಿದ್ದಾರೆ. ಸಮೀಕ್ಷೆ ಲೆಕ್ಕ ಹಾಕಿದ್ದು ಜನ ಎಷ್ಟು ಖರ್ಚು ಮಾಡಿದರು ಅಂತ. ಅದೇ ಬದುಕಿಗೆ ಎಷ್ಟು ಬೇಕು ಅಂತ ಅಲ್ಲ. ಕೈಯಲ್ಲಿ ಕಮ್ಮಿ ಇದ್ದವರು ಕಮ್ಮಿ ಖರ್ಚು ಮಾಡುತ್ತಾರೆ. ಅದೇ ಸಮೀಕ್ಷೆಯಲ್ಲಿ ಹಳ್ಳಿಯವರ ಖರ್ಚಿನಲ್ಲಿ ನೂರಕ್ಕೆ 47ರಷ್ಟು ಊಟಕ್ಕೇ ಹೋಗುತ್ತದೆ, ನಗರದಲ್ಲಿ 40ರ ಹತ್ತಿರ.

ಆದ್ದರಿಂದ ಖರ್ಚನ್ನು ಸಂಬಳದ ಪಕ್ಕದಲ್ಲೇ ಇಟ್ಟು ನೋಡಬೇಕು, ಸಂಬಳವನ್ನು ವಯಸ್ಸಿನ ಪಕ್ಕದಲ್ಲಿ. ನಮ್ಮ ಬೇಲಿಯಾಚೆಯ ಮನೆಯ ಸೊಸೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಎಂಟು ವರ್ಷದ ಅನುಭವಕ್ಕೆ ಇಲ್ಲಿ ಸಂಬಳ 16 ಸಾವಿರ. ಮದುವೆಗೆ ಮುಂಚೆ ಬೆಂಗಳೂರಿನಲ್ಲಿದ್ದಾಗ 24 ಸಾವಿರ ಇತ್ತಂತೆ. ಆಗ ಪಿಜಿಯಲ್ಲಿ ಮೂವರ ಕೋಣೆ, ಊಟ ಸೇರಿ ಏಳೂವರೆ ಸಾವಿರ. ಮನೆಗೆ ಹತ್ತು ಸಾವಿರ ಕಳಿಸಿದ ಮೇಲೂ ಕೈಯಲ್ಲಿ ಉಳಿಯುತ್ತಿತ್ತು. ಒಂಟಿ ಜೀವಕ್ಕೆ ಬೆಂಗಳೂರು ಅಗ್ಗ, ಈ ಮಾತನ್ನು ಯಾರೂ ಹೇಳುವುದಿಲ್ಲ. ಇಪ್ಪತ್ತೆರಡು ವರ್ಷದವರಿಗೆ ಬೇಕಾದ್ದು ಒಂದು ಮಂಚ, ಮೂರು ಹೊತ್ತಿನ ಊಟ ಮತ್ತು ಬಸ್ಸು. ಅದನ್ನು ಹಂಚಿಕೊಂಡು ಕೊಳ್ಳುವ ಏರ್ಪಾಡು ಬೆಂಗಳೂರಿನಲ್ಲಿ ಇರುವಷ್ಟು ಕುಂದಾಪುರದಲ್ಲಿ ಇಲ್ಲವೇ ಇಲ್ಲ. ಮದುವೆಯಾಗಿ ಮಗುವಾದ ಮೇಲೆ ಲೆಕ್ಕ ಮಗುಚಿ ಬೀಳುತ್ತದೆ. ಪಿಜಿ ಹೋಗಿ ಬಾಡಿಗೆ ಮನೆ ಬೇಕು, ಮಗುವನ್ನು ಬಿಡಲು ಡೇ ಕೇರ್ ಬೇಕು. ಊರಲ್ಲಿ ಆ ಜಾಗಕ್ಕೆ ಅಜ್ಜಿ ಇದ್ದಾರೆ.

ಮುಂದೆ ಮಕ್ಕಳು ದೊಡ್ಡವರಾದಾಗ ಮತ್ತೆ ತಿರುಗುತ್ತದೆ. ಓದಿಸುವುದರಲ್ಲಿ ಕರಾವಳಿಗೆ ಒಳ್ಳೆಯ ಹೆಸರಿದೆ. 2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ ಜಿಲ್ಲೆ ಶೇ. 93.90 ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಅಲ್ಲಿಯವರೆಗೆ ಊರಿನ ಶಾಲೆ, ಕಾಲೇಜಿನ ಖರ್ಚು ಬೆಂಗಳೂರಿಗಿಂತ ಬಹಳ ಕಡಿಮೆಯಲ್ಲಿ ಮುಗಿಯುತ್ತದೆ. ಫಲಿತಾಂಶ ಬಂದ ವರ್ಷವೇ ಆ ಮಕ್ಕಳು ಬ್ಯಾಗು ಕಟ್ಟುತ್ತಾರೆ. ಹದಿನೆಂಟು ವರ್ಷ ಊರಲ್ಲಿ ಉಳಿಸಿದ್ದನ್ನು ನಾಲ್ಕು ವರ್ಷ ಬೆಂಗಳೂರಿನ ಹಾಸ್ಟೆಲ್ಲಿಗೆ ಕಟ್ಟುವುದು ಇಲ್ಲಿನ ಮನೆಮನೆಯ ಕಥೆ. ಬೆಂಗಳೂರಿನವರ ಮಕ್ಕಳು ಅದೇ ಕಾಲೇಜಿಗೆ ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋಗಿ ಬರುತ್ತಾರೆ.

ವಯಸ್ಸಾದ ಮೇಲೆ ಆಸ್ಪತ್ರೆ. ಕುಂದಾಪುರದಲ್ಲಿ ತಾಲೂಕು ಆಸ್ಪತ್ರೆ ಇದೆ, ಚಿಕ್ಕಪುಟ್ಟ ಖಾಸಗಿ ಆಸ್ಪತ್ರೆಗಳಿವೆ. ಹೃದಯ, ಮೆದುಳು, ಕ್ಯಾನ್ಸರ್ ಅಂದರೆ ಸುಮಾರು 40 ಕಿಲೋಮೀಟರ್ ದೂರದ ಮಣಿಪಾಲ ಅಥವಾ ಇನ್ನೂ ಮುಂದಿನ ಮಂಗಳೂರು. ಉಡುಪಿ ಜಿಲ್ಲೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇಲ್ಲ. ಹಾಗಾಗಿ ಬೆಂಗಳೂರಿನ ಬಡವರಿಗೆ ಜಯದೇವ, ನಿಮ್ಹಾನ್ಸ್, ಕಿದ್ವಾಯಿ ಇದ್ದ ಹಾಗೆ ಇಲ್ಲಿನವರಿಗೆ ಕೈಗೆಟುಕುವ ದೂರದಲ್ಲಿ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆ ಇಲ್ಲ. ಅತ್ತೆಯ ಕಣ್ಣಿನ ತಪಾಸಣೆಗೆ ಹೋದ ದಿನ ವೈದ್ಯರ ಫೀಸಿಗಿಂತ ಕಾರಿನ ಬಾಡಿಗೆ ನಾಲ್ಕು ಪಟ್ಟು ಆಯಿತು. ಬೆಂಗಳೂರಿನಲ್ಲಿದ್ದಿದ್ದರೆ ಒಂದು ಮಧ್ಯಾಹ್ನದ ಕೆಲಸ. ಇಲ್ಲಿ ಒಂದು ದಿನ ಪೂರ್ತಿ, ಜೊತೆಗೆ ನಮ್ಮನೆಯವರ ಒಂದು ದಿನದ ರಜೆ.

ಇನ್ನೊಂದು ಸಂಗತಿಯನ್ನು ನಮ್ಮಂಥವರು ಒಪ್ಪಿಕೊಳ್ಳಬೇಕು. ಬೆಂಗಳೂರಿನ, ಮುಂಬೈಯ, ಗಲ್ಫಿನ ಸಂಬಳ ಇಟ್ಟುಕೊಂಡು ಬಂದವರು ಇಲ್ಲಿ ಬಾಡಿಗೆ ಕೇಳುವಾಗ ಚೌಕಾಶಿ ಮಾಡುವುದಿಲ್ಲ, ಏಕೆಂದರೆ ನಮಗೆ ಅದು ಅಗ್ಗ. ನಾವು ಬಿಟ್ಟ ಒಂಬತ್ತೂವರೆ ಸಾವಿರದ ಮನೆಗೆ ಮುಂದೆ ಬಂದವರು ಹದಿಮೂರು ಕೊಡುತ್ತಿದ್ದಾರೆ, ಅವರೂ ಬೆಂಗಳೂರಿನ ಕಂಪನಿಗೆ ಇಲ್ಲಿಂದಲೇ ಕೆಲಸ ಮಾಡುವವರು. ರಸ್ತೆಬದಿಯ ಜಾಗ ಸೆಂಟ್ಸಿಗೆ ಇಷ್ಟು ಲಕ್ಷ ಅಂತ ಕೇಳಿದರೆ ಊರಿನ ಗುಮಾಸ್ತರೊಬ್ಬರು ಬದುಕಿಡೀ ದುಡಿದರೂ ಐದು ಸೆಂಟ್ಸ್ ತೆಗೆದುಕೊಳ್ಳುವಂತಿಲ್ಲ. ಸಮುದ್ರದ ಬದಿಯ ಹಳೆಯ ಮನೆಗಳು ಹೋಮ್‌ಸ್ಟೇ ಆಗುತ್ತಿವೆ, ಬಾಡಿಗೆಗೆ ಸಿಗುವ ಮನೆ ಅಷ್ಟಕ್ಕಷ್ಟು ಕಮ್ಮಿಯಾಗುತ್ತಿದೆ. ಊರು ಅಗ್ಗ ಅಂತ ಬಂದವರಿಂದಲೇ ಊರಲ್ಲಿ ಹುಟ್ಟಿದವರಿಗೆ ಊರು ದುಬಾರಿಯಾಗುತ್ತಿದೆ. ನರ್ಸಿನ ಸಂಬಳ ಅದೇ ವೇಗದಲ್ಲಿ ಏರಿಲ್ಲ, ಬಟ್ಟೆ ಅಂಗಡಿಯ ಹುಡುಗಿಯದ್ದೂ ಏರಿಲ್ಲ.

ಕಳೆದ ತಿಂಗಳು ಆ ನರ್ಸಿಗೆ ಬೆಂಗಳೂರಿನಿಂದ ಮತ್ತೆ ಕರೆ ಬಂತು, ಈ ಸಲ 30 ಸಾವಿರಕ್ಕೆ. ಗಂಡನಿಗೆ ಅಲ್ಲಿ ಊರಿನವರದ್ದೇ ಬೇಕರಿಯಲ್ಲಿ ಕೆಲಸ ಇದೆ ಅಂದಿದ್ದಾರೆ. ಸಂಜೆ ಮಗುವನ್ನು ಎತ್ತಿಕೊಂಡು ನಮ್ಮ ಜಗಲಿಗೆ ಬಂದು "ಅಕ್ಕ, ನಿಮ್ ಆ ಪುಸ್ತಕ ಒಂಚೂರ್ ಕೊಡಿ" ಅಂದಳು. ಇಬ್ಬರೂ ಕೂತು ಬರೆದೆವು. ಬಾಡಿಗೆ ಹದಿನೈದು, ಅಡ್ವಾನ್ಸ್ ಒಂದೂವರೆ ಲಕ್ಷ, ಅದನ್ನು ಸೊಸೈಟಿಯಿಂದ ಸಾಲ ತೆಗೆದರೆ ಅದರ ಕಂತು. ಬಸ್ಸು ಸೊನ್ನೆ. ಅಕ್ಕಿ ಊರಿಂದ ಕುಚ್ಚಲಕ್ಕಿ ತಂದರೆ ಸ್ವಲ್ಪ ಉಳಿತಾಯ, ಕಾಯಿಯೂ ಹಾಗೆ. ಕೂಡಿಸಿದಾಗ ಇಬ್ಬರ ಸಂಬಳದಲ್ಲಿ ಆರೇಳು ಸಾವಿರ ಉಳಿಯುತ್ತಿತ್ತು, ಇಲ್ಲಿ ಉಳಿಯುವುದಕ್ಕಿಂತ ಜಾಸ್ತಿಯೇ. ಆಮೇಲೆ ಡೇ ಕೇರ್ ಸಾಲು ಬಂತು. ನಿನ್ನ ಅತ್ತೆಯನ್ನೂ ಕರೆದುಕೊಂಡು ಹೋಗಬಹುದಲ್ಲ ಅಂದೆ. ಕೊಟ್ಟಿಗೆಯಲ್ಲಿ ದನ ಇದೆ, ಅವರು ಬರುವುದಿಲ್ಲ ಅಂದಳು. ಒಂಬತ್ತು ಸಾವಿರ ಅಂತ ಬರೆದು, ಪೆನ್ಸಿಲನ್ನು ಆ ಅಂಕಿಯ ಮೇಲೇ ಇಟ್ಟುಕೊಂಡು ಸುಮಾರು ಹೊತ್ತು ಕೂತಿದ್ದಳು. ಮಗು ಜಗಲಿಯಿಂದಿಳಿದು ಬೇಲಿಯಾಚೆ ಅಜ್ಜಿಯ ಹತ್ತಿರ ಓಡಿತು.